ಎಡಕ್ಕ ಜಾಗಾ ಬಿಟ್ಟಿರಲಿಲ್ಲ

ಫಕ್ಕೀರಗೌಡ: ಐದು ಅಕ್ಷರ.
ಅದರಾಗ ಆ ಕ್ಕೀ ಒಂದಕ್ಕ
ಮ್ಯಾಲೂ ಜಾಗಾ ಬೇಕು, ಕೆಳಗೂ ಬೇಕು.
ಮೊದಲ ಸಲ ಬರದಾಗ ನನಗ ಹತ್ತೊಂಬತ್ತು,
ಬ್ಯಾಡಗಿ ಪ್ಯಾಟಿ ಗ್ವಾಡಿ, ಸುಣ್ಣದ ಮ್ಯಾಲ ನೀಲಿ,
ಮೆಣಸಿನಕಾಯಿ ಸೀಜನ್ನು,
ಅಕ್ಷರಕ್ಕ ಎರಡೆರಡು ಸೀನು.

ಆಚಿ ಕಡೆ ಲಾರಿ ಮ್ಯಾಲ ಗೌಡ್ರ ಭಾಷಣ.
"ಮತದಾರ ಬಾಂಧವ" ಅನ್ನೂದ್ರಾಗ ಸೀನಿದ್ರು.
ಸಂತಿ ಮಂದಿ ಒಮ್ಮೆಲೆ "ನೂರು ವರ್ಷ!" ಅಂದ್ರು,
ಓಟು ಹಾಕೂಮುಂದ ಮಾತ್ರ
ಐದೈದರ ಲೆಕ್ಕದಾಗ ಕೊಟ್ರು.

ಶಾಸಕರು ಅಂತ ಬರಿಯೂದು ಹಗರ, ನಾಕ ಅಕ್ಷರ.
ಎರಡನೇ ಸಲಕ್ಕ ಬರೇ ವಾರ್ನಿಶ್ ಹಚ್ಚಿದೆ.
ಆ ಬೋರ್ಡಿನ ಕೆಳಗ ಎಷ್ಟು ಚಪ್ಪಲಿ ಅಂತೀರಿ,
ಮಾಸ್ತರ ವರ್ಗಾವಣಿ, ಬೋರಿನ ಪೈಪು, ಬೀಗರ ಜಗಳ,
ಗೌಡ್ರು ಬೈದು ಕಳಸೋರು, ಬೈಸಿಕೊಂಡಾಂವ
ಕೆಲಸಾತು ಅಂತ ನಕ್ಕೋಂತ ಹೊಳ್ಳೋಂವ.

ಲೋಕಸಭಾ ಸದಸ್ಯರು
ಅಂತ ಬರಿಯಾಕ ಹುಬ್ಬಳ್ಳಿಂದ ಹೊಸಾ ತಗಡ ತಂದೆ.
"ಅಂಚಿಂದ ಅಂಚಿಗೆ ತುಂಬಿಸೋ ದಸ್ತಗೀರ,
ದಿಲ್ಲಿ ದೂರ ಐತಿ" ಅಂದ್ರು.
ತುಂಬಿಸಿದೆ. ಎಡಕ್ಕ ಬೆರಳಗಲ ಜಾಗಾ ಬಿಡಲಿಲ್ಲ.

ಅಲ್ಲಿ ಐದು ವರ್ಷ.
ಹಿಂದಿ ಬರಲಿಲ್ಲ, ಇಂಗ್ಲೀಷ ಅರ್ಧಾ ಬಂತು.
ಕನ್ನಡದಾಗ ಒಂದ ಬೇಡಿಕಿ: ಬೆಂಗಳೂರ ಗಾಡಿ
ನಮ್ಮೂರಾಗ ನಿಲ್ಲಬೇಕು.
ಮಾತು ಮುಗಿಯೂದ್ರಾಗ ಗಂಟಿ ಬಾರಿಸಿದ್ರಂತ.
ನಿಂತಿತು ಗಾಡಿ, ಒಂದು ನಿಮಿಷ.
ಮುಂದಿನ ಸಲ ಗೌಡ್ರೂ ನಿಂತ್ರು.
ಜನ ಹತ್ತಲಿಲ್ಲ.

ಬೋರ್ಡು ತಾವ ಸ್ಕೂಟರಿನ ಮ್ಯಾಲ ಹೇರಿಕೊಂಡು ತಂದ್ರು.
"ಮಾಜಿ ಅಂತ ಸೇರಸು.
ಹಾಲಿ ಅಂತ ಯಾರೂ ಬರಸೂದಿಲ್ಲ ನೋಡು,
ಮಾಜಿ ಅಷ್ಟ ಬರಸಬೇಕು."
ಪಟ್ಟಿ ಹಿಡದು ಅಳದೆ. ಎಲ್ಲಿ ಸೇರಸೂದು?
ಅಳಸಿದ್ರ ಕಲೆ ಉಳಿತೈತಿ,
ಸಣ್ಣಗ ಬರದ್ರ ಕದ್ದಂಗ ಕಾಣತೈತಿ.
"ಇರಲಿ ಬಿಡು, ನಾಳೆ ಬರ್ತೀನಿ" ಅಂದ್ರು. ಬರಲಿಲ್ಲ.
ಫ್ಲೆಕ್ಸ್ ಬಂತು. ನನ್ನ ಕುಂಚಾನೂ ಮಾಜಿ ಆತು.
ತಗಡು ಗ್ವಾಡಿಗೆ ಮುಖಾ ಮಾಡಿ ನಿಂತೈತಿ ಇನ್ನೂ,
ಬೆನ್ನಮ್ಯಾಲ ನಾ ಬಣ್ಣಾ ಕಲಸಿದ ಗುರುತು.

ಮೊನ್ನೆ ಟೇಶನ್ನಿನ್ಯಾಗ ಸಿಕ್ಕರು.
ಅದ ಗಾಡಿ. ಮೊದಲು ಕೈಚೀಲ ಇಳೀತು,
ಆಮ್ಯಾಲೆ ಒಂದು ಕಾಲು.
ಇನ್ನೊಂದಕ್ಕ ಮೊಣಕಾಲ ಬ್ಯಾನಿ.
ಗಾಡಿ ಅಳ್ಳಾಡಿತು.
ನನ್ನ ಹೆಗಲ ಹಿಡಕೊಂಡು ಜಿಗದ್ರು, ಉಸರ ಬಿಟ್ಟು ಅಂದ್ರು:
"ಎರಡು ನಿಮಿಷ ಕೇಳಬೇಕಾಗಿತ್ತಲೇ, ದಸ್ತಗೀರ."