ಎಲ್ಲಿಗೆ ಅಂದರೆ

ಕುಂಬಳೆಯಿಂದ ಬೆಳಗ್ಗಿನ ಲೋಕಲಿಗೆ ಹೊರಟದ್ದು
ನಾವು ನಾಲ್ವರು, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ,
ಎರಡು ದಿನದಿಂದ ಮನೆಯಿಡೀ ಸುತ್ತಿದ ಪ್ರಶ್ನೆ:
ಬೋಟಿಗೆ ಹಾರ್ನ್ ಉಂಟಾ?

ಉಂಟು. ಆಯಿಟ್ಟಿ ಕಡವಿನಲ್ಲಿ ಒಮ್ಮೆ ಹೊಡೆಯಿತು.
ಚಿನ್ಮಯಿ ಎರಡೂ ಕಿವಿ ಮುಚ್ಚಿಕೊಂಡು
ಇನ್ನೊಮ್ಮೆ ಅಂದಳು.

"ಎವಿಡೇಕ್ಕ್?" ಕಂಡಕ್ಟರ್ ಕೇಳಿದ.
ಇಲ್ಲಿಗೇ ಅಂದೆ. ಹೋಗಿ, ತಿರುಗಿ, ಇಲ್ಲಿಗೇ.
ನನ್ನ ಮಲಯಾಳವೇ ತಪ್ಪಿತೆಂದು
ಅವನು ಇವರ ಮುಖ ನೋಡಿದ.

ಮೀನಿನ ಹೆಂಗಸು ಬುಟ್ಟಿ ಜರುಗಿಸಿ
ಮಕ್ಕಳಿಗೆ ಕಿಟಕಿ ಬಿಟ್ಟುಕೊಟ್ಟಳು.
ಅವಳಿಗೆ ಇದು ಬಸ್ಸು.
ಗ್ಯಾಸ್ ಸಿಲಿಂಡರಿಗೆ ಮೊಣಕಾಲು ಒರಗಿಸಿ ತೂಕಡಿಸುವವನಿಗೂ.
ನೀರು ನೋಡಲು ದುಡ್ಡು ಕೊಟ್ಟವರು ನಾವು ಮಾತ್ರ.

ವಲಿಯಪರಂಬದ ತೆಂಗುಗಳು ಹತ್ತಿರವಾಗುವಾಗ
ಶ್ರವಣ ಕಂಬಿಯ ಸಂದಿನಿಂದ ಕಾಲು ಇಳಿಬಿಟ್ಟ.
ಬಲದ ಚಪ್ಪಲಿ ಹೋಯಿತು.
ಅಳಲಿಲ್ಲ; ತೇಲ್ತದೆ, ತೇಲ್ತದೆ ಎಂದು ಕೂಗಿದ.
"ಮುನ್ನೂರೈವತ್ತು" ಅಂದರು ಇವರು, ನೀರಿಗೆ.

ತಿರುಗಿ ಬರುವಾಗ
ಕಲ್ಲುಮ್ಮಕ್ಕಾಯಿ ಬೆಳೆಸುವ ಕಂಬಗಳ ಸಾಲಿನಲ್ಲಿ
ಒಂದರ ತಲೆಗೆ ಆ ಚಪ್ಪಲಿ.
ಎದೆಮಟ್ಟ ನೀರಲ್ಲಿ ನಿಂತ ಹೆಂಗಸರು ಕೈ ಬೀಸಿದರು,
ನಾವೂ ಬೀಸಿದೆವು, ಕಂಡಕ್ಟರನೂ.
ಬೋಟಿಗೆ ಅಲ್ಲಿ ಸ್ಟಾಪ್ ಇಲ್ಲ.

ರಾತ್ರಿ ಒಂಟಿ ಎಡದ್ದನ್ನು ಕಸಕ್ಕೆ ಹಾಕಹೊರಟೆ.
ನಿದ್ದೆ ಬಂತೆಂದುಕೊಂಡವನು ಎದ್ದು ಕೂತ:
ಬೇಡಮ್ಮಾ, ಅದು ಬಂದು ಕೇಳಿದರೆ?

ಉಪ್ಪಿನ ಬಿಳಿ ಹಿಡಿದ ಆ ಚಪ್ಪಲಿಯೊಳಗೆ
ನಾಲ್ಕು ಟಿಕೆಟ್ ಚೂರು ತುರುಕಿ
ಬಾಗಿಲ ಹಿಂದೆ ಇಟ್ಟಿದ್ದೇನೆ.
ಗುಡಿಸುವಾಗ ದಿನಾ ಎತ್ತಿ
ಮತ್ತೆ ಅಲ್ಲೇ.