ವಜಾಬಾಕಿ

ಇಪ್ಪತ್ತೆಂಟು ವರ್ಷ ನಾ ತಡೆಗಂಬ ಎತ್ತಿದವ,
ಇಳಿಸಿದವ.
ಈಗ ಚೆಕ್‌ಪೋಸ್ಟಿನ ತಗಡಿನ ಕೋಣಿಯೊಳಗ
ಪಾರಿವಾಳ ಕುಂತು ಲಾರಿ ಎಣಸ್ತಾವ,
ಯಾವುದನ್ನೂ ನಿಲ್ಲಸೂದಿಲ್ಲ.
ನಾನೂ ನಿಲ್ಲೂದಿಲ್ಲ. ಎಂಟೂವರಿಗೆ
ಟಿವಿಎಸ್ ಮ್ಯಾಲ ಅದ ಕಂಬದ ಬುಡಕ್ಕ ಹಾದು
ಆ ಕಡೆ ಇಳೀತೇನಿ.
ಮೂರನೇ ಫರ್ಲಾಂಗಿಗೆ ಕಿಸೆಯೊಳಗ ಫೋನು ನಡಗತೈತಿ:
ಮಹಾರಾಷ್ಟ್ರಕ್ಕೆ ಸ್ವಾಗತ.

ತಾಲೂಕು ಜತ್ತ, ಜಿಲ್ಲಾ ಸಾಂಗಲಿ, ಊರು ಬೋರಿಹಾಳ.
ಕನ್ನಡ ಸಾಲಿ. ಹುಡುಗೂರು ಹನ್ನೊಂದು,
ಕಸ್ತೂರಿಯ ಬಗಲಾಗಿನ ತಮ್ಮನ್ನ ಎಣಿಸಿದರ ಹನ್ನೆರಡು.
ಸರಕಾರ ಕಳಿಸಿದ ಮಾಸ್ತರಣಿ ಕೊಂಕಣದವರು,
ಪೆಡಣೇಕರ ಬಾಯಿ.
ಹೆಸರಿನ್ಯಾಗ ಬಾಯಿ, ಕನ್ನಡಕ್ಕ ಬಾಯಿಲ್ಲ,
ಹಂಗಂತ ಮೊದಲ ದಿನ ನಾ ನಕ್ಕೆ.
ಆಮ್ಯಾಲ ಗೊತ್ತಾತು: ಸಮುದ್ರದ ದಂಡಿಯಿಂದ
ಹದಿನಾಕು ತಾಸು ಬಸ್ಸಿನ್ಯಾಗ ಬಂದವರು,
ಮೀನಿಲ್ಲದ ಊರಾಗ ಮೂರು ವರ್ಷ.
ನಗು ವಾಪಸ್ ತಗೊಂಡೆ.

ಪಗಾರಿಲ್ಲ ನನಗ. ರುಜು ಹಾಕಾಕ ಪುಸ್ತಕಿಲ್ಲ.
ಪೆನ್ಶನ್ ತಿಂದು ಮನಿಯಾಗ ಕುಂಡ್ರೂದು ಬಿಟ್ಟು
ಇದೇನ್ರಿ ಮಾವಾ, ಅಂತಾನ ಅಳಿಯ.
ಏನ ಹೇಳಲಿ?
ಒಂದು ಲಾರಿ ಹಿಡಿದಿದ್ದೆ, ಕಾಗದ ತಪ್ಪಿತ್ತು.
ಸರಕು: ಯಾರೋ ದಾನ ಕೊಟ್ಟ ಸಾಲಿ ಪುಸ್ತಕ.
ತೂಕ: ನಾಕುನೂರಾ ಹತ್ತು ಕಿಲೋ.
ಆರು ದಿನ ನಿಂತಿತು. ಮೂರನೇ ದಿನ ಅಡ್ಡಮಳಿ ಬಂತು,
ತಾಡಪತ್ರಿ ತೂತಿತ್ತು.
ಹೊಂಟ ಊರು ಯಾವುದಂತ ರಶೀದಿ ಮ್ಯಾಲ
ನಾನ ಬರ್ದಿದ್ದೆ, ನಾಕಕ್ಷರ.

ಕಲಿಸೂದೇನು, ನನಗ ಬರೂದ ಅಷ್ಟ:
ತೂಕ, ಕೂಡಸೂದು, ಕಳಿಯೂದು,
ದುಂಡನ್ನ ಅಕ್ಷರ.
ತಾಯಂದಿರೆಲ್ಲ ಒಣದ್ರಾಕ್ಷಿ ಶೆಡ್ಡಿಗೆ ಹೋಗ್ತಾರ,
ಹುಡುಗೂರ ಪಾಟಿಗೂ ಗಂಧಕದ ವಾಸನಿ.
ಕಿಸೆದಾಗ ಒಡಕ ದ್ರಾಕ್ಷಿ ತರ್ತಾರ,
ಹದಿಮೂರು ಇಡಸ್ತೇನಿ ಬೆಂಚಿನ ಮ್ಯಾಲ.
ಐದು ಕಳೀರಿ. ತಿಂತಾರ.
ಉಳಿದದ್ದೆಷ್ಟು?
ಸಿದ್ರಾಯ ಹದಿಮೂರೂ ತಿಂದು, ತುಟಿ ಒರಸಿ,
"ಸೊನ್ನಿ, ಸರ."
ತಪ್ಪಂತ ಹಾಕಾಕ ಕೈ ಏಳಲಿಲ್ಲ.

ಅವರಿಗೆ ಇದು ವಜಾಬಾಕಿ.
ಕನ್ನಡದಾಗ ಅನ್ರಿ, ವ್ಯವಕಲನ,
ಅಂತ ಫಳಿ ಮ್ಯಾಲ ಬರ್ದೆ. ಬರ್ದು ನಿಂತೆ.
ಜಮಾ, ಬಾಕಿ, ವಜಾ, ರುಜು, ಪಾವತಿ...
ಯಾವ ಗಡಿ ದಾಟಿ, ಯಾರ ಪಾಸ್ ಹಿಡದು
ನನ್ನ ರಶೀದಿ ಪುಸ್ತಕದಾಗ ಬಂದು ಕುಂತಿದ್ದವು ಇವು?
ಒಂದಕ್ಕೂ ದಂಡ ಹಾಕಿದ್ದಿಲ್ಲ ನಾ.
ಅಳಿಸಿದೆ.
ವಜಾಬಾಕಿ ಅಂತ ಬರ್ದೆ, ದುಂಡಗ.

ಸಂಜಿಕ ಬಾಯಿ ತಮ್ಮ ವಹಿ ತಗೀತಾರ.
ಅವರಿಗೆ ಳ ತೊಡಕಿಲ್ಲ, ಅಳತಿ, ಬೆಳಕು, ಬಾಳಿ
ನೀರು ಕುಡದಂಗ.
ತೊಡಕೆಲ್ಲ ಗಿಡ್ಡ ಎ, ಗಿಡ್ಡ ಒ.
ಕೊಡು ಅಂದರ ಕೋಡು ಆಗತೈತಿ,
ಹುಡುಗೂರು ತಲಿಗೆ ಬೆರಳು ಹಚ್ಚಿ ಎಮ್ಮಿ ಆಗ್ತಾವ,
ಬಾಯಿಯವರೂ ಒಂದು ಸರ್ತಿ ಹಾಯ್ದರು.

"ನಮ್ಮ ಮಾಸ್ತರ", ಐದು ಸಾಲು ಬರೀರಿ ಅಂದಿದ್ದೆ.
ಲಾಡಮಾ ಎರಡ ಬರ್ದಳು:
ನಮ್ಮ ಮಾಸ್ತರ ಗಡಿ ಆಚಿಂದ ಬರತಾರ.
ಅವರು ಪರದೇಶಿ.
ಕೆಂಪು ಪೆನ್ನು ಹಿಡಕೊಂಡು ಕುಂತೆ.
ಶಬ್ದ ಬಿಡಿಸಿದರ ಸರಿ ಐತಿ. ಪರ, ದೇಶ.
ಆದರ ಪರದೇಶಿ ಅಂತ ಬೈಸಿಕೊಂಡ ಬೆಳದವ ನಾ,
ಅವ್ವ ಹ್ವಾದ ವರ್ಷದಿಂದ.

ಮರುದಿನ ಆಕಿ ಕೈಯಾಗ ಡಬ್ಬಿ.
"ಅಜ್ಜಿಗೆ ಓದಿ ತೋರಿಸಿದ್ನಿರಿ.
ನಿಮಗ ಯಾರೂ ಇಲ್ಲೇನು ಅಂತ ಕೇಳ್ಯಾಳ."
ಒಳಗ ಶೇಂಗಾದ ಹೋಳಿಗಿ, ಎರಡು.
ಒಂದು ಬಾಯಿಯವರ ಮುಂದಿಟ್ಟೆ.
"ಎರಡು ವಜಾ ಒಂದು" ಅಂದರು, ಸಾವಕಾಶ,
ಎ ಗಿಡ್ಡಾಗಿ ಬಂತು, ಒ ಗಿಡ್ಡಾಗಿ ಬಂತು.

ಖಾಲಿ ಡಬ್ಬಿ ತಿರಗಿ ಕಳಸಬಾರದು,
ಈ ಕಡೆನೂ ಅದ ರೂಢಿ, ಆ ಕಡೆನೂ.
ಹಾಕಾಕ ಏನಿತ್ತು? ಮೂರು ತುಂಡು ಖಡು ಹಾಕಿದೆ,
ಒಂದು ಹೊಸಾದು.
ಲಾಡಮಾನ ವಹಿಯೊಳಗ ಆ ಸಾಲಿಗೆ
ಇನ್ನೂ ಗುರುತು ಹಾಕಿಲ್ಲ.