ಬಾಗಿಲ ಹಿಂದಿನ ಮೊಳೆ

ಸೈಮಿಯ ಮಾಂಸದ ಶೆಡ್ಡಿನಲ್ಲಿ, ಬಾಗಿಲ ಹಿಂದೆ,
ಒಂದು ಮೊಳೆ.
ಅದರಲ್ಲಿ ಮೂರು ಸುತ್ತಿಗೆ ಮಡಚಿ ತೂಗುಹಾಕಿದ
ಗರಗಸದ ಬ್ಲೇಡುಗಳು, ಎಣ್ಣೆಕಾಗದದ ಒಳಗೆ.
ಸಾವಿರದ ಆರುನೂರ ಐವತ್ತು ಮಿಲಿಮೀಟರ್,
ಅಂಗುಲಕ್ಕೆ ನಾಲ್ಕು ಹಲ್ಲು.
ಎಣಿಸದೆ ಅವಳು ದೀಪ ಆರಿಸಿದ್ದು ನಾನು ಕಾಣೆ.

ನನಗಾಗ ಹದಿನಾರು. ಮೂಳೆಪುಡಿ ಒರೆಸುವ ಕೆಲಸ.
ಮೊದಲ ದಿನವೇ ಹೇಳಿದ್ದಳು:
ಸುತ್ತು ಬಿಚ್ಚುವಾಗ ಮುಖ ದೂರ ಇರಲಿ,
ಅದಕ್ಕೆ ಗುರುತು ಪರಿಚಯ ಇಲ್ಲ.

ಅಕ್ಟೋಬರಿನಲ್ಲಿ ಕೂಹ್ಮೊ ಕಾಡಿನಿಂದ ಮೂಸ್‌ಗಳು ಬರುತ್ತವೆ
ಟ್ರೇಲರಿನಲ್ಲಿ, ಕಾಲು ಮೇಲಾಗಿ.
ಕೊಕ್ಕೆಗೆ ಹಾಕಿ ಕಾಯಬೇಕು.
ದಿನದಿನದ ಶಾಖವನ್ನು ಸೀಮೆಸುಣ್ಣದಲ್ಲಿ ಬರೆದು ಕೂಡಿ
ಮೊತ್ತ ನಲವತ್ತಾದ ದಿನ ಕತ್ತರಿಸಬೇಕು.
ನಲವತ್ತು ಭಾನುವಾರ ಬಿದ್ದರೆ ಭಾನುವಾರ.
ಬ್ಲೇಡಿನ ಅಂಗಡಿ ಇರುವುದು ಕಯಾನಿಯಲ್ಲಿ,
ನೂರು ಕಿಲೋಮೀಟರ್ ಆಚೆ,
ಭಾನುವಾರ ಅದರ ಬಾಗಿಲಿಗೆ ಬೀಗ.

ಅಂಥದೊಂದು ಭಾನುವಾರ ಸಂಜೆ
ಹೊಸ್ತಿಲಾಚೆ ಅಹ್ತಿ ನಿಂತಿದ್ದ, ಟೊಪ್ಪಿ ಕೈಯಲ್ಲಿ.
ಹನ್ನೊಂದು ವರ್ಷದಿಂದ ಮಾತಿಲ್ಲ.
ಯಾವ ನಾಯಿ, ಯಾರ ಗಡಿಯ ಒಳಗೆ, ಯಾರ ಮೂಸನ್ನು
ಬೊಗಳಿ ನಿಲ್ಲಿಸಿತ್ತು ಅನ್ನುವ ವಿಷಯ.
ನಾಯಿ ಸತ್ತು ಎಂಟು ವರ್ಷವಾಗಿತ್ತು.

ಭುಜದ ಮೂಳೆಯಲ್ಲಿ ಗುಂಡಿನ ಚೂರು ಇತ್ತಂತೆ.
ಬ್ಲೇಡು ತುಂಡು.
ಬಿಡಿಯದು ಇದೆ ಅಂದುಕೊಂಡ ಡಬ್ಬಿಯಲ್ಲಿ
ಹೋದ ವರ್ಷದ ರಸೀದಿ ಮಾತ್ರ.
ಇದನ್ನು ಅವನು ನನಗೆ ಹೇಳಿದ, ಅವಳಿಗಲ್ಲ.
ಅವಳು ಕೇಳಿಸಿಕೊಂಡಳು.

ಅಳತೆ ಕೇಳುವ ಹಾಗಿರಲಿಲ್ಲ.
ಎರಡು ಮನೆ ಮಾತಾಡುತ್ತಿದ್ದ ಕಾಲದಲ್ಲಿ
ಒಂದೇ ಕ್ಯಾಟಲಾಗಿನಿಂದ, ಒಟ್ಟಿಗೆ ತರಿಸಿದ ಗರಗಸಗಳು.

ಮೊಳೆಯಲ್ಲಿ ಆ ದಿನ ಎರಡೇ ಇದ್ದವು.
ಒಂದು ಹೊಸದು. ಇನ್ನೊಂದು
ಒಮ್ಮೆ ಮುರಿದು ಬೆಸುಗೆ ಕಂಡದ್ದು.
ಅವಳ ಕೈ ಹೊಸದರ ಮೇಲೆ ಹೋಯಿತು, ನಿಂತಿತು.
(ಇಲ್ಲಿ ನಾನು ಅವಳನ್ನು ಒಳ್ಳೆಯವಳಾಗಿ ಮಾಡಬಹುದಿತ್ತು.)
ಹಳೆಯದನ್ನೇ ತೆಗೆದು ಕೊಟ್ಟಳು.

"ಬೆಸುಗೆ ಇದೆ. ನಿಧಾನ."
"ಕಾಣ್ತದೆ."

ಹನ್ನೊಂದು ವರ್ಷದ ಮೇಲೆ, ಇಷ್ಟೇ ಮಾತು.
ಜೀಪಿನ ಹಿಂದಿನ ದೀಪ ಬರ್ಚ್ ಮರಗಳ ನಡುವೆ ಸಣ್ಣದಾಗುತ್ತ ಹೋಯಿತು.
ಅವಳು ಗರಗಸ ನಿಲ್ಲಿಸಿ, ಚಕ್ರ ತೆರೆದು,
ಓಡುತ್ತಿದ್ದ ಬ್ಲೇಡಿನ ಒಂದೊಂದು ಹಲ್ಲನ್ನೂ
ಬೆರಳಲ್ಲಿ ಮುಟ್ಟಿ ನೋಡಿದಳು.
ಆ ರಾತ್ರಿ ಭುಜದ ಮೂಳೆಗಳನ್ನೆಲ್ಲ
ಕೈಗರಗಸದಲ್ಲೇ ಕೊಯ್ದೆವು. ನನ್ನ ತೋಳು ಇನ್ನೂ ನೆನಪಿಟ್ಟಿದೆ.

ಬುಧವಾರ ಬ್ಲೇಡು ವಾಪಸು ಬಂತು,
ಬಾಗಿಲ ಚಿಲಕಕ್ಕೆ ನೇತುಬಿದ್ದು.
ತೊಳೆದು, ಎಣ್ಣೆ ಹಚ್ಚಿ, ಮಡಚಿದ್ದ.
ಸೈಮಿ ಅದನ್ನು ಬಿಚ್ಚಿದಳು, ಮುಖ ದೂರವಿಟ್ಟು,
ಮತ್ತೆ ತನ್ನ ರೀತಿಯಲ್ಲಿ ಮಡಚಿದಳು.
"ಯಾವತ್ತೂ ಎಡಕ್ಕೇ ಸುತ್ತುತ್ತಾನೆ," ಅಂದಳು,
ಯಾರಿಗೂ ಅಲ್ಲ.

ನವೆಂಬರಿನಲ್ಲಿ ಆರ್ಡರು ಫಾರ್ಮು ತುಂಬಲು ಕೂತೆ.
ಪ್ರತಿ ವರ್ಷದ ಹಾಗೆ ಐದು ಅಂತ ಬರೆದೆ.
ಆರು, ಅಂದಳು.
ತಲೆ ಎತ್ತಿದೆ.
ಆರಕ್ಕೆ ರಿಯಾಯಿತಿ ಇದೆ, ಅಂದಳು.

ಇರಲಿಲ್ಲ.
ಕ್ಯಾಟಲಾಗು ನನ್ನ ತೊಡೆಯ ಮೇಲೆಯೇ ಇತ್ತು.